ಓದುಗರ ಪ್ರಶ್ನೆ: ಕ್ಯಾರವಾನ್‌ಗೆ ಸ್ಟೀಲ್ ಚಕ್ರ ಸಾಕೇ, ಅಲಾಯ್ ಬೇಕೇ?

ಪ್ರಶ್ನೆ: ಟ್ರಾವೆಲರ್ ವ್ಯಾನನ್ನು ಕ್ಯಾರವಾನ್ ಮಾಡಿಸಿಕೊಂಡಿದ್ದೇವೆ. ಅಡುಗೆಕಟ್ಟೆ, ಮಂಚ, 100 ಲೀಟರ್ ನೀರಿನ ಟ್ಯಾಂಕ್, ಎರಡು ಬ್ಯಾಟರಿ ಇವೆ. ಸ್ಟೀಲ್ ಡಿಸ್ಕ್ ತೆಗೆದು ಅಲಾಯ್ ಹಾಕಿದರೆ ಗಾಡಿ ಹಗುರಾಗಿ ಮೈಲೇಜ್ ಹೆಚ್ಚುತ್ತದೆ ಎಂದು ಇಲ್ಲಿನ ಅಂಗಡಿಯವರು ಹೇಳುತ್ತಾರೆ. ಹಾಕಿಸಬಹುದೇ?
– ಓದುಗರು, ನಿಗಡಿ, ಪುಣೆ

ಉತ್ತರ: ಮೈಲೇಜ್ ಆಸೆಗೆ ಹಾಕಿಸಬೇಡಿ. ಭಾರ ಹೊರುವ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ಚಕ್ರವನ್ನು ದಪ್ಪವಾಗಿಯೇ ಎರಕ ಹೊಯ್ದಿರುತ್ತಾರೆ. ಅದೇ ಅಳತೆಯ ಸ್ಟೀಲ್ ಡಿಸ್ಕಿಗಿಂತ ಒಂದೆರಡು ಕೆ.ಜಿ. ಕಡಿಮೆ ಇರಬಹುದು, ಕೆಲವದರಲ್ಲಿ ಅಷ್ಟೂ ಇರುವುದಿಲ್ಲ. ನಾಲ್ಕೂ ಚಕ್ರ ಸೇರಿ 8 ಕೆ.ಜಿ. ಉಳಿಯಿತೆಂದೇ ಇಟ್ಟುಕೊಳ್ಳಿ, ನಿಮ್ಮ ಟ್ಯಾಂಕ್ ತುಂಬಿದೊಡನೆ 100 ಕೆ.ಜಿ. ಏರುತ್ತದೆ.

ನೋಡಬೇಕಾದ್ದು ಒಂದೊಂದು ಚಕ್ರದ ಮೇಲೆ ಬೀಳುವ ಭಾರವನ್ನು. ನೀರು, ಡೀಸೆಲ್, ಗ್ಯಾಸ್ ಸಿಲಿಂಡರ್, ಸಾಮಾನು, ಜನ ಎಲ್ಲ ತುಂಬಿಕೊಂಡು, ಪ್ರವಾಸಕ್ಕೆ ಹೊರಟಂತೆಯೇ ಗಾಡಿಯನ್ನು ವಜನ್ ಕಾಟಾಕ್ಕೆ ಒಯ್ಯಿರಿ. ಮೊದಲು ಮುಂದಿನ ಚಕ್ರಗಳನ್ನಷ್ಟೇ ತೂಕ ಹಾಕಿಸಿ, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಚಕ್ರಗಳು. ಮೂರು ಚೀಟಿ ಪಡೆಯಿರಿ. ಹಿಂದಿನ ಆಕ್ಸಲ್ ಮೇಲೆ 2,100 ಕೆ.ಜಿ. ಬಂತೆನ್ನಿ. ಪ್ರತಿ ಚಕ್ರಕ್ಕೆ 1,050 ಆಯಿತು. ಆದರೆ ಅಡುಗೆಕಟ್ಟೆ, ಟ್ಯಾಂಕ್ ಒಂದೇ ಮಗ್ಗುಲಲ್ಲಿದ್ದರೆ ಭಾರ ಸರಿಪಾಲಾಗುವುದಿಲ್ಲ. ಅದಕ್ಕಾಗಿ ಶೇ. 10 ಸೇರಿಸಿ: 1,155. ಚಕ್ರವೂ ಟೈರೂ ಇದಕ್ಕಿಂತ ಹೆಚ್ಚು ಹೊರುವಂತಿರಬೇಕು. ಟೈರಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರುತ್ತದೆಂದು ಟೈರಿನ ಮೇಲೆ ಬರೆದಿರುವ ಸಂಕೇತ ಸಂಖ್ಯೆ) 113 ಆಗಿದ್ದರೆ ಅದರ ಮಿತಿ 1,150 ಕೆ.ಜಿ., ಸಾಲದು, 115 ಆಗಿದ್ದರೆ 1,215, ನಡೆಯುತ್ತದೆ. ಆಕ್ಸಲ್ ತೂಕವೇ ಕಂಪನಿ ಕೊಟ್ಟ ಮಿತಿ ಮೀರಿದ್ದರೆ ಯಾವ ಚಕ್ರ ಹಾಕಿದರೂ ಪ್ರಯೋಜನವಿಲ್ಲ, ಸಾಮಾನು ಇಳಿಸಲೇಬೇಕು.

ಅಲಾಯ್ ಚಕ್ರದ ಹಿಂಬದಿಯಲ್ಲಿ ಭಾರದ ಮಿತಿಯನ್ನು ಎರಕದಲ್ಲೇ ಮೂಡಿಸಿರುತ್ತಾರೆ. ಕಾರಿನ ಎಷ್ಟೋ ಅಲಾಯ್‌ಗಳಲ್ಲಿ ಅದು 690 ಕೆ.ಜಿ. ಮಾತ್ರ. ಚಕ್ರ ಸಿಕ್ಕಿಸಿ ನಟ್ ಬಿಗಿಯುವ ಸ್ಟಡ್ಡುಗಳಿಗೆ ಸರಿಯಾಗಿ ಕೂರುತ್ತದೆಂದು ಅಂಥದ್ದನ್ನು ನಿಮ್ಮ ಗಾಡಿಗೆ ಹಾಕಿದರೆ ಸ್ಪೋಕಿನ ಬುಡದಲ್ಲಿ ಸಣ್ಣ ಬಿರುಕು ಹುಟ್ಟಿ, ಹಿಂಬದಿಯಲ್ಲೇ ಬೆಳೆಯಬಹುದು. ಮುಂದಿನಿಂದ ನೋಡುವವರಿಗೆ ಕಾಣುವುದೇ ಇಲ್ಲ. ಮಿತಿ ಮೂಡಿಸಿರದ ಚಕ್ರ ಎಷ್ಟೇ ಅಗ್ಗವಾಗಿದ್ದರೂ ಬೇಡ. ಜಪಾನಿನ ‘ಜೆಡಬ್ಲ್ಯುಎಲ್’ ಮುದ್ರೆ ಕಾರಿನದು, ಲಾರಿ-ಬಸ್ಸಿನ ಚಕ್ರಕ್ಕೆ ‘ಜೆಡಬ್ಲ್ಯುಎಲ್-ಟಿ’ ಎಂದಿರುತ್ತದೆ.

ಭಾರ ಹೊಂದಿದ ಮೇಲೆ ಅಳತೆ. ಪಿಸಿಡಿ (ಸ್ಟಡ್ ತೂತುಗಳ ಎಣಿಕೆ ಮತ್ತು ಅವು ಕೂತಿರುವ ವೃತ್ತದ ವ್ಯಾಸ, ಮಿ.ಮೀ.ನಲ್ಲಿ), ನಡುವಿನ ತೂತು, ಆಫ್‌ಸೆಟ್ (ಗಾಡಿಗೆ ಒತ್ತಿ ಕೂರುವ ಚಕ್ರದ ಮೈ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬ ಅಳತೆ) ಮೂರೂ ಕಂಪನಿ ಚಕ್ರದಂತೆಯೇ ಇರಲಿ. ಗಾಡಿಯ ಹೆಸರು ಹೇಳಿ ಚಕ್ರ ಕೇಳಬೇಡಿ. ಯೂರೋಪಿನ ಫಿಯಟ್ ಡುಕಾಟೊ ಮೋಟರ್‌ಹೋಮ್‌ಗಳಲ್ಲಿ 15 ಇಂಚಿನ ಚಕ್ರಕ್ಕೆ ಪಿಸಿಡಿ 5×118, ಹೆಚ್ಚು ಭಾರದ ಮಾದರಿಯ 16 ಇಂಚಿಗೆ 5×130. ಹೆಸರು ಒಂದೇ, ಚಕ್ರ ಮಾತ್ರ ಅದಲುಬದಲಾಗುವುದಿಲ್ಲ. ಆಫ್‌ಸೆಟ್ 60 ಇದ್ದಲ್ಲಿ ಅಷ್ಟೇ ಅಗಲದ 40ರ ಚಕ್ರ ಹಾಕಿದರೆ ಅದು 20 ಮಿ.ಮೀ. ಹೊರಕ್ಕೆ ಬರುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ನಡುವಿನ ತೂತು ದೊಡ್ಡದಾದರೆ ಹಬ್‌ಗೆ, ಅಂದರೆ ಗಾಡಿಯಲ್ಲಿ ಚಕ್ರ ಕೂರುವ ನಡುಭಾಗಕ್ಕೆ, ಸಂದು ತುಂಬುವ ರಿಂಗ್ ಬೇಕು. ಅದು ಅಲ್ಯೂಮಿನಿಯಂನದೇ ಇರಲಿ. ಘಾಟಿ ಇಳಿಯುವಾಗ ಬ್ರೇಕ್ ಬಿಸಿಗೆ ಪ್ಲಾಸ್ಟಿಕ್ ರಿಂಗ್ ಮೆತ್ತಗಾಗುತ್ತದೆ.

ಎಲ್ಲರೂ ಮರೆಯುವುದು ನಟ್ಟನ್ನು. ಅಲಾಯ್ ಚಕ್ರದ ಬುಡ ದಪ್ಪ, ಹಾಗಾಗಿ ಹಳೆಯ ಸ್ಟಡ್ ಗಿಡ್ಡವಾಗಬಹುದು. ಸ್ಟಡ್ಡಿನ ವ್ಯಾಸದಷ್ಟಾದರೂ ನಟ್ ಒಳಹೋಗಬೇಕು: 14 ಮಿ.ಮೀ. ಸ್ಟಡ್, 1.5 ಮಿ.ಮೀ. ಪಿಚ್ (ತಿರುಪಿನ ಒಂದು ಸುತ್ತಿನಿಂದ ಇನ್ನೊಂದರ ಅಂತರ) ಇದ್ದರೆ ಕೈಯಲ್ಲಿ ತಿರುಗಿಸಿದಾಗ ಒಂಬತ್ತು ಸುತ್ತಿಗಿಂತ ಹೆಚ್ಚು. ಆರೇಳು ಸುತ್ತಿಗೇ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ, ಸ್ಟಡ್ ಬದಲಿಸದೆ ಗಾಡಿ ಓಡಿಸಬೇಡಿ.

ಇಷ್ಟೂ ಹೊಂದುವ ಚಕ್ರ ಸಿಕ್ಕರೆ, ಚಂದಕ್ಕಾಗಿ ದುಡ್ಡು ಕೊಡಲು ಮನಸ್ಸಿದ್ದರೆ, ಹಾಕಿಸಿ. ವಿಮಾ ಕಂಪನಿಗೂ ತಿಳಿಸಿ. ಇಲ್ಲದಿದ್ದರೆ ತುಂಬಿದ ಕ್ಯಾರವಾನ್‌ಗೆ ನಮ್ಮ ಸಲಹೆ ಕಂಪನಿಯ ಸ್ಟೀಲ್ ಡಿಸ್ಕೇ.

ಪ್ರಶ್ನೆ: ಅಲಾಯ್ ಹಾಕಿ ಮೂರು ಮಳೆಗಾಲವಾಯಿತು. ಪಂಕ್ಚರ್ ಇಲ್ಲದಿದ್ದರೂ ವಾರಕ್ಕೊಮ್ಮೆ ಹವಾ ಇಳಿಯುತ್ತದೆ. ಟೈರು ಕೂರುವ ಅಂಚಿನಲ್ಲಿ ಬಿಳಿ ಹುಡಿ ಕಾಣುತ್ತಿದೆ. ಸ್ಟೀಲಿಗೆ ಮರಳಬೇಕೇ?
– ಓದುಗರು, ವಾಸ್ಕೊ, ಗೋವಾ

ಉತ್ತರ: ಬಿಳಿ ಹುಡಿ ಎಂದರೆ ಅಲ್ಯೂಮಿನಿಯಂನ ತುಕ್ಕು. ಕಡಲ ಉಪ್ಪುಗಾಳಿ ವಾರ್ನಿಷಿನ ಗೀರಿನೊಳಗೆ ಇಳಿದು, ಅದರಡಿಯಲ್ಲೇ ಹರಡುತ್ತದೆ. ಟೈರಿನ ಅಂಚು ಕೂರುವ ಜಾಗ ಉಬ್ಬುತಗ್ಗಾದಾಗ ಹವಾ ಸೋರುತ್ತದೆ. ಆದರೂ ಮೊದಲು ಸೋಪಿನ ನೀರು ಹಚ್ಚಿ, ಅಂಚಿನಲ್ಲಿ, ವಾಲ್ವಿನ ಬುಡದಲ್ಲಿ, ವಾಲ್ವಿನ ಬಾಯಲ್ಲಿ ಗುಳ್ಳೆ ಬರುತ್ತದೆಯೇ ನೋಡಿ. ಸಾಮಾನ್ಯ ರಬ್ಬರ್ ವಾಲ್ವಿನ ಮಿತಿ 65 ಪಿಎಸ್‌ಐ. ನಿಮ್ಮ ಹಿಂದಿನ ಟೈರಿಗೆ ಅದಕ್ಕಿಂತ ಹೆಚ್ಚು ಬೇಕಿದ್ದರೆ ನಟ್ ಹಾಕಿ ಬಿಗಿಯುವ ಲೋಹದ ವಾಲ್ವ್ ಹಾಕಿಸಿ.

ಅಂಚಿನಲ್ಲೇ ಸೋರುತ್ತಿದ್ದರೆ ಟೈರು ಕಳಚಿಸಿ, ನೈಲಾನ್ ಬ್ರಷ್ಷಿನಿಂದಲೂ 320 ನಂಬರಿನ ಉಜ್ಜುಕಾಗದದಿಂದಲೂ ಹುಡಿ ತೆಗೆಸಿ, ಪ್ರೈಮರ್ ಹಚ್ಚಿ ಒಣಗಿದ ಮೇಲೆ ಬೀಡ್ ಸೀಲರ್ (ಟೈರಿನ ಅಂಚಿನಲ್ಲಿ ಹವಾ ಸೋರದಂತೆ ತಡೆಯುವ ಲೇಪ) ಬಳಿಸಿ. ಗ್ರೈಂಡರ್ ಹಿಡಿಯಲು ಬಿಡಬೇಡಿ, ಅದು ತೆಗೆದ ಲೋಹ ಮರಳಿ ಬರುವುದಿಲ್ಲ. ಉಗುರು ಸಿಕ್ಕುವಷ್ಟು ಆಳದ ಗುಳಿ ಬಿದ್ದಿದ್ದರೆ ಚಕ್ರ ಬದಲಿಸಿ.

ಸ್ಟೀಲಿಗೂ ತುಕ್ಕು ತಪ್ಪಿದ್ದಲ್ಲ. ಆದರೆ ಅದು ಕೆಂಪಗೆ ಕಣ್ಣಿಗೆ ಕಾಣುತ್ತದೆ, ಉಜ್ಜಿ ಸತುವಿನ ಪ್ರೈಮರ್ ಹೊಡೆದರೆ ನಿಲ್ಲುತ್ತದೆ. ಹೊಸದಾಗಿ ಕೊಳ್ಳುವವರು ಕಡಲ ಊರಿನಲ್ಲಿ ಕನ್ನಡಿಯಂತೆ ಕಡೆದ ಡೈಮಂಡ್ ಕಟ್ ಅಲಾಯ್ ಬಿಟ್ಟು, ಪೂರ್ತಿ ಬಣ್ಣ ಹೊಡೆದದ್ದನ್ನೇ ಆರಿಸಿ. ಬ್ಯಾಲೆನ್ಸಿಂಗ್ ತೂಕವೂ ಅಂಚಿಗೆ ಬಡಿಯುವುದಲ್ಲ, ಒಳಗೆ ಅಂಟಿಸುವುದಿರಲಿ. ಚೋರ್ಲಾ ಘಾಟಿಯ ಕಡೆ ಹೋಗಿಬಂದರೆ ರಿಮ್ಮಿನ ಒಳಬದಿಯನ್ನು ನೀರು ಹಾಯಿಸಿ ತೊಳೆಯಿರಿ. ಅಲ್ಲಿ ಒಣಗಿ ಕೂತ ಕೆಂಪು ಮಣ್ಣು ಸ್ಟಿಯರಿಂಗ್ ನಡುಗಿಸುತ್ತದೆ.

ಪ್ರಶ್ನೆ: ಮುಂಬೈ-ಗೋವಾ ಹೆದ್ದಾರಿಯಲ್ಲಿ ಗುಂಡಿಗೆ ಬಿದ್ದು ಒಂದು ಅಲಾಯ್ ಬಿರುಕು ಬಿಟ್ಟಿತು. ವೆಲ್ಡಿಂಗ್ ಮಾಡಿಸಿ ಬಳಸಬಹುದೇ? ಸ್ಟೆಪ್ನಿ ಸ್ಟೀಲಿನದು.
– ಓದುಗರು, ಡೊಂಬಿವಲಿ

ಉತ್ತರ: ಬೇಡ. ಎರಕದ ಅಲಾಯ್‌ಗೆ ಬಲ ಬರುವುದು ಕಾರ್ಖಾನೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸುವುದರಿಂದ. ವೆಲ್ಡಿಂಗ್ ಬಿಸಿಗೆ ಬೆಸುಗೆಯ ಸುತ್ತ ಆ ಹದ ಹೋಗುತ್ತದೆ, ಹೊಸ ಬಿರುಕು ಅದರ ಪಕ್ಕದಲ್ಲೇ ಹುಟ್ಟುತ್ತದೆ. ಸ್ಟೀಲ್ ಡಿಸ್ಕಿನ ಅಂಚು ಸ್ವಲ್ಪ ಬಾಗಿದ್ದರೆ ಬೆಂಡ್ ತೆಗೆಸಬಹುದು. ಸ್ಟಡ್ ತೂತಿನ ಸುತ್ತ ಬಿರುಕಿದ್ದರೆ ಅದೂ ಗುಜರಿಗೇ.

ಸ್ಟೀಲ್ ಸ್ಟೆಪ್ನಿಗೆ ಅದರದೇ ನಟ್‌ಗಳ ಒಂದು ಸೆಟ್ ಪಾನಾದ ಜೊತೆ ಚೀಲದಲ್ಲಿರಲಿ. ಅಲಾಯ್ ನಟ್ಟಿನ ಬುಡದ ಆಕಾರ ಬೇರೆಯಿದ್ದರೆ ಅದು ಸ್ಟೀಲಿನಲ್ಲಿ ಸರಿಯಾಗಿ ಕೂರದೆ ಸಡಿಲವಾಗುತ್ತದೆ. ಸ್ಟಡ್ ಬದಲು ಬೋಲ್ಟ್ ಇರುವ ಗಾಡಿಯಲ್ಲಿ ಇನ್ನೂ ಎಚ್ಚರ ಬೇಕು: ಅಲಾಯ್‌ನ ಉದ್ದ ಬೋಲ್ಟ್ ತೆಳುವಾದ ಸ್ಟೀಲ್ ಚಕ್ರವನ್ನು ದಾಟಿ ಒಳಗಿನ ಬ್ರೇಕಿಗೆ ತಾಗಬಹುದು. ಸ್ಟಡ್, ಬೋಲ್ಟಿನ ತಿರುಪು ಸುತ್ತುಗಳಿಗೆ ಎಣ್ಣೆ, ಗ್ರೀಸ್ ಸವರಬೇಡಿ. ಎದುರುಬದುರು ಬಿಗಿದು, 50ರಿಂದ 100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚಿನಿಂದ (ಬಿಗಿತ ಅಳೆಯುವ ಪಾನಾ) ಗಾಡಿಯ ಕೈಪಿಡಿಯಲ್ಲಿರುವ ಅಳತೆಗೆ ಮತ್ತೊಮ್ಮೆ ಬಿಗಿಯಿರಿ.

ಪ್ರಶ್ನೆ: ಸ್ಟೀಲ್ ಡಿಸ್ಕನ್ನೇ ಉಳಿಸಿಕೊಂಡು ಪೌಡರ್ ಕೋಟಿಂಗ್ ಮಾಡಿಸಿದರೆ?
– ಓದುಗರು, ಮುಲುಂಡ್

ಉತ್ತರ: ಒಳ್ಳೆಯದೇ. ಆದರೆ ಹಬ್‌ಗೆ ಒತ್ತಿ ಕೂರುವ ಮೈಗೂ ನಟ್ ಕೂರುವ ಬಟ್ಟಲಿಗೂ ಟೇಪ್ ಹಚ್ಚಿ ಬಣ್ಣ ತಾಗದಂತೆ ಮಾಡಿಸಿ. ಅಲ್ಲಿ ದಪ್ಪ ಬಣ್ಣ ಕೂತರೆ ಓಡುತ್ತ ಓಡುತ್ತ ಅದು ಅಮುಕಿಹೋಗಿ, ಬಿಗಿದ ನಟ್ ತಾನಾಗಿಯೇ ಸಡಿಲವಾಗುತ್ತದೆ.