ಪ್ರತಿಕ್ರಿಯೆ: ಪೆಲ್ ಸಮೀಕರಣ ಪೆಲ್ ಅವರದ್ದೇನಾ?

ಬೇಲೂರಿನವರೇ, ಪೆಲ್ ಸಮೀಕರಣ ನಿಜಕ್ಕೂ ಪೆಲ್ ಅವರದ್ದೇನಾ, ಮಗಳಿಗೆ ಅದನ್ನು ಹೇಗೆ ಹೇಳೋದು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಚೆನ್ನಾಗಿದೆ. ಪೆಲ್ ಸಮೀಕರಣ (ಪೂರ್ಣಸಂಖ್ಯೆಗಳಲ್ಲೇ ಉತ್ತರ ಹುಡುಕುವ ಒಂದು ಲೆಕ್ಕ) ಕಂಡುಹಿಡಿದದ್ದು ಇಂಗ್ಲಿಷ್ ಗಣಿತಜ್ಞ ಪೆಲ್ ಅಲ್ಲ. ಆ ಹೆಸರು ಅಂಟಿಸಿದ್ದು ಸ್ವಿಸ್ ಗಣಿತಜ್ಞ ಆಯ್ಲರ್, ಅದೂ ತಪ್ಪು ತಿಳಿದು. ನಮ್ಮ ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಇದನ್ನು ಕೈಗೆತ್ತಿಕೊಂಡಿದ್ದ.

ಒಂಬತ್ತನೇ ಕ್ಲಾಸಿನ ಮಗಳಿಗೆ ಹೀಗೆ ಹೇಳಿ. ಒಂದು ಪೂರ್ಣಸಂಖ್ಯೆಯ ವರ್ಗವನ್ನು 8ರಿಂದ ಗುಣಿಸಿ, 1 ಕೂಡಿಸಿದರೆ ಮತ್ತೆ ಪೂರ್ಣಸಂಖ್ಯೆಯ ವರ್ಗವೇ ಬರಬೇಕು. ಆ ಸಂಖ್ಯೆ ಯಾವುದು? 1 ಹಾಕಿದರೆ 9, ಅಂದರೆ 3ರ ವರ್ಗ. ಈಗ ಬ್ರಹ್ಮಗುಪ್ತನ ಉಪಾಯ: 1 ಮತ್ತು 3ನ್ನು ಗುಣಿಸಿ ಎರಡರಷ್ಟು ಮಾಡಿ, 6. ಅದನ್ನು ಹಾಕಿ ನೋಡಿ: 8×36+1=289, 17ರ ವರ್ಗ! ಒಂದು ಉತ್ತರ ಸಿಕ್ಕರೆ ಸಾಲುಸಾಲಾಗಿ ಬರುತ್ತವೆ. ನನಗಂತೂ ಇದೇ ಜಾಸ್ತಿ ಇಷ್ಟ.

ಆದರೆ ಮೊದಲ ಉತ್ತರವೇ ಸಿಗದಿದ್ದರೆ? ಅದಕ್ಕೆ ಚಕ್ರವಾಲ ವಿಧಾನ, ಅಂದರೆ ಒಂದೇ ಲೆಕ್ಕವನ್ನು ಚಕ್ರದಂತೆ ಮತ್ತೆ ಮತ್ತೆ ಮಾಡುತ್ತ ಉತ್ತರ ಮುಟ್ಟುವುದು. 8ರ ಬದಲು 61 ಇಟ್ಟು ಭಾಸ್ಕರಾಚಾರ್ಯ 1150ರಲ್ಲಿ ಬಿಡಿಸಿದ. ನಿಮ್ಮೂರಿನ ಚೆನ್ನಕೇಶವ ದೇವಸ್ಥಾನ (1117) ಆಗಿನ್ನೂ ಹೊಸದು, ಅಲ್ವಾ? ಅತಿ ಚಿಕ್ಕ ಉತ್ತರವೇ 22,61,53,980. ಫ್ರೆಂಚ್ ಗಣಿತಜ್ಞ ಫರ್ಮಾ ಇದೇ 61ನ್ನು ಯುರೋಪಿನವರಿಗೆ ಸವಾಲಾಗಿ ಎಸೆದದ್ದು 1657ರಲ್ಲಿ.

ಮಗಳಿಗೆ ಮೊದಲು 8ರ ಬದಲು 13 ಕೊಡಿ. ಉತ್ತರ 180, ವರ್ಗಮೂಲ 649. 61 ರಜೆಗಿರಲಿ.