ಸಂಪಿಗೆ ಸೊರಗಿದೆಯೇ? ಮೊದಲು ಬಕೆಟ್ಟಿನ ಅಂಚು ನೋಡಿ

ಪ್ರಶ್ನೆ: ನಮ್ಮದು ಚಿಂತಾಮಣಿ. ಮನೆ ಕಟ್ಟಿದ ವರ್ಷವೇ ಕಾಂಪೌಂಡಿಗೆ ಒತ್ತಿಕೊಂಡಂತೆ ಸಂಪಿಗೆ ಸಸಿ ನೆಟ್ಟೆವು. ನಾಲ್ಕು ವರ್ಷವಾದರೂ ಆಳೆತ್ತರ ದಾಟಿಲ್ಲ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಮೊಗ್ಗಂತೂ ಕಂಡೇ ಇಲ್ಲ. ಹಾಕುವುದು ಕೊಳವೆಬಾವಿ ನೀರು. ನರ್ಸರಿಯವರು ಇದನ್ನು ಕಿತ್ತು ಮ್ಯಾಗ್ನೋಲಿಯಾ ಹಾಕಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಕೀಳಬೇಡಿ. ನಿಮ್ಮ ಅಂಗಳದಲ್ಲಿರುವುದೂ ಮ್ಯಾಗ್ನೋಲಿಯಾವೇ! ಹಿಂದೆ ಮೈಕೇಲಿಯಾ ಚಂಪಕ ಎನ್ನುತ್ತಿದ್ದ ಸಂಪಿಗೆಗೆ ಸಸ್ಯಶಾಸ್ತ್ರದಲ್ಲಿ ಈಗಿನ ಹೆಸರು ಮ್ಯಾಗ್ನೋಲಿಯಾ ಚಂಪಕ. ನಿಮಗೆ ತೋರಿಸಿದ್ದು ತಟ್ಟೆಯಗಲದ ಬಿಳಿ ಹೂವಿನ ಗ್ರ್ಯಾಂಡಿಫ್ಲೋರಾ ಇರಬೇಕು. ಅದು ಅಮೆರಿಕದ ಆಗ್ನೇಯ ಭಾಗದ ಮರ. ಅದೇ ಗುಂಡಿಗೆ ಅದೇ ನೀರು ಹಾಕಿದರೆ ಅದೂ ಹೀಗೇ ಸೊರಗುತ್ತದೆ.

ನೀರು ಹಿಡಿಯುವ ಬಕೆಟ್ಟಿನ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಬಿಳಿ ಪುಡಿ ಉದುರಿದರೆ ಅದು ಸುಣ್ಣ. ದಿನವೂ ಗಿಡದ ಬುಡಕ್ಕೂ ಸೇರುತ್ತಿದೆ. ಕಾಂಪೌಂಡಿನ ಪಕ್ಕ ಎಂದಿದ್ದೀರಿ, ಅಗೆದರೆ ಗಾರೆ, ಸಿಮೆಂಟಿನ ಚೂರು ಸಿಗದಿದ್ದರೆ ನನಗೆ ಆಶ್ಚರ್ಯ. ಹೀಗೆ ಮಣ್ಣು ಕ್ಷಾರವಾದರೆ ಅದರೊಳಗಿನ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ನಮ್ಮ ಕಡೆಯ ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಕಣಜದ ಮಗ್ಗುಲಲ್ಲೇ ಕೂತು ಉಪವಾಸ ಬಿದ್ದಿದೆ ನಿಮ್ಮ ಗಿಡ.

ತಕ್ಷಣಕ್ಕೆ, ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ) ತನ್ನಿ. ಒಂದು ಲೀಟರ್ ಮಳೆನೀರಿಗೆ 5 ಗ್ರಾಂ ಕರಗಿಸಿ, ಸ್ವಲ್ಪ ನಿಂಬೆರಸ ಹಿಂಡಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. 15 ದಿನಕ್ಕೊಮ್ಮೆ ಮೂರು ಸಲ ಸಾಕು. ಬಟ್ಟೆ, ನೆಲಕ್ಕೆ ತಾಗಿಸಬೇಡಿ, ತುಕ್ಕಿನ ಕಲೆ ಹೋಗುವುದಿಲ್ಲ. ಆದರೆ ಇದು ಹಸಿದವರಿಗೆ ಕೊಟ್ಟ ಒಂದು ಲೋಟ ಗಂಜಿಯಷ್ಟೆ. ಬುಡದ ಸುತ್ತ ಚೂರುಗಳನ್ನು ಆಯ್ದು ತೆಗೆದು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಸೇರಿಸಿ. ಸಂಪಿಗೆಯ ಬೇರು ಮೆದು, ಗುದ್ದಲಿ ಬೇಡ, ಕೈ ಕುರುಪಿ ಸಾಕು. ಮೇಲೆ ಒಣ ಎಲೆಯನ್ನು ದಪ್ಪಗೆ ಹೊದಿಸಿ, ಕಾಂಡಕ್ಕೆ ತಾಗದಂತೆ. ಚಾವಣಿಯ ಮಳೆನೀರು ಚರಂಡಿಗೆ ಹೋಗುತ್ತಿದ್ದರೆ ಒಂದು ಡ್ರಮ್ಮಿಗೆ ತಿರುಗಿಸಿ. ಆಗೊಮ್ಮೆ ಈಗೊಮ್ಮೆ ಅದನ್ನು ಹಾಕಿದರೂ ಸುಣ್ಣ ತೊಳೆದು ಕೆಳಕ್ಕಿಳಿಯುತ್ತದೆ. ಆದರೆ ಪಾತಿಯಲ್ಲಿ ನೀರು ನಿಲ್ಲಬಾರದು.

ಇನ್ನು ಹೂವಿನ ಮಾತು. ಕಾಂಡವನ್ನು ನೆಲದಿಂದ ಒಂದಡಿಯವರೆಗೆ ಸವರಿ ನೋಡಿ. ಓರೆಯಾದ ಗಂಟು ಕೈಗೆ ಸಿಕ್ಕಿದರೆ ಅದು ಕಸಿ ಗಿಡ. ಎರಡು ಮೂರು ವರ್ಷಕ್ಕೇ ಹೂ ಬಿಡಬೇಕಿತ್ತು, ಚೇತರಿಸಿಕೊಂಡ ಮೇಲೆ ಬಿಡುತ್ತದೆ. ಗಂಟಿನ ಕೆಳಗಿನ ಚಿಗುರನ್ನು ಮಾತ್ರ ಚಿವುಟುತ್ತಿರಿ. ನುಣ್ಣಗಿದ್ದರೆ ಬೀಜದ ಗಿಡ, ಏಳೆಂಟು ವರ್ಷ ಕಾಯಲೇಬೇಕು. ಬೀಜದ ಸಂಪಿಗೆ ದೊಡ್ಡ ಮರವೂ ಆಗುತ್ತದೆ. ಹಾಗಿದ್ದರೆ ಕಾಂಪೌಂಡಿನ ಆಚೆಯವರ ಜೊತೆ ಈಗಲೇ ಒಂದು ಮಾತು ಆಡಿಡಿ, ಅರ್ಧ ಹೂವು ಅವರ ಅಂಗಳಕ್ಕೇ ಬೀಳುವುದು.