ಐ.ವಿ. ಇಂಜೆಕ್ಷನ್: ಡೋಸ್ ಸರಿ, ವೇಗ?

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ವಾಂತಿಯಿಂದ ಬಳಲುತ್ತಿದ್ದ ಯುವತಿಯೊಬ್ಬಳಿಗೆ ವೈದ್ಯರು ಬರೆದಂತೆ ಮೆಟೊಕ್ಲೊಪ್ರಮೈಡ್ 10 ಮಿ.ಗ್ರಾಂ. ಐ.ವಿ. (ರಕ್ತನಾಳಕ್ಕೆ) ಕೊಟ್ಟೆ. ಸ್ವಲ್ಪ ಹೊತ್ತಿಗೇ ಅವಳು ಎದ್ದು ಕುಳಿತು, ‘ಏನೋ ಆಗುತ್ತಿದೆ, ನನ್ನನ್ನು ಬಿಡಿ’ ಎಂದು ಕ್ಯಾನುಲಾ (ರಕ್ತನಾಳದೊಳಗಿಟ್ಟ ಸಣ್ಣ ಕೊಳವೆ) ಕಿತ್ತುಕೊಳ್ಳಲು ಹೋದಳು. ಅವಳ ಕಡೆಯವರು ನನ್ನ ಮೇಲೆ ಕೂಗಾಡಿದರು. ಔಷಧಿ, ಡೋಸ್, ರೋಗಿ ಮೂರೂ ಸರಿಯಾಗಿದ್ದವು. ತಪ್ಪಿದ್ದು ಎಲ್ಲಿ?

ಉತ್ತರ: ಎಷ್ಟು ಹೊತ್ತಿನಲ್ಲಿ ಕೊಟ್ಟಿರಿ ಎಂಬುದನ್ನು ನೀವು ಬರೆದಿಲ್ಲ. ಉತ್ತರ ಬಹುಶಃ ಅಲ್ಲೇ ಇದೆ. ಆ ಆಂಪೂಲ್‌ನಲ್ಲಿರುವುದು ಬರೀ 2 ಮಿ.ಲೀ.; ಹೆಬ್ಬೆರಳು ಒತ್ತಿದರೆ ಐದು ಸೆಕೆಂಡಿನಲ್ಲಿ ಖಾಲಿ. ಮೆಟೊಕ್ಲೊಪ್ರಮೈಡ್ ಹಾಗೆ ಒಮ್ಮೆಲೇ ಒಳಹೊಕ್ಕರೆ ಕುಳಿತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ವಿಪರೀತ ಚಡಪಡಿಕೆ ಬರಬಹುದು. ಕನಿಷ್ಠ 1ರಿಂದ 2 ನಿಮಿಷ ಬೇಕು; 3 ನಿಮಿಷ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ನಿಧಾನವಾಗಿ ಕೊಟ್ಟರೂ ಕೆಲವರಿಗೆ ಚಡಪಡಿಕೆ ಬರುವುದುಂಟು, ಆದರೆ ಸಂಭವ ಕಡಿಮೆ. ಬಂದರೆ ಇಂಜೆಕ್ಷನ್ ಅಲ್ಲಿಗೇ ನಿಲ್ಲಿಸಿ, ವೈದ್ಯರನ್ನು ಕರೆಯಿರಿ, ರೋಗಿಯ ಪಕ್ಕದಲ್ಲೇ ಇರಿ. ಕೇಸ್ ಶೀಟಿನಲ್ಲಿ ‘ಅಲರ್ಜಿ’ ಎಂದು ಬರೆಯಬೇಡಿ. ಇದು ಅಲರ್ಜಿಯಲ್ಲ. ಕಂಡದ್ದನ್ನು ಕಂಡಂತೆ ಬರೆಯಿರಿ, ಕೊಟ್ಟ ವೇಗವನ್ನೂ ಸೇರಿಸಿ.

ವೈದ್ಯರು ‘ಸ್ಲೋ ಐ.ವಿ.’ ಎಂದು ಬರೆದು ಹೋಗುತ್ತಾರೆ. ಎಷ್ಟು ಸ್ಲೋ? ಒಬ್ಬ ನರ್ಸ್‌ಗೆ ಅದು ಇಪ್ಪತ್ತು ಸೆಕೆಂಡು, ಇನ್ನೊಬ್ಬರಿಗೆ ಐದು ನಿಮಿಷ. ನಿಮಿಷದ ಲೆಕ್ಕ ಕೇಳಿ ಬರೆಸಿಕೊಳ್ಳುವುದು ಉದ್ಧಟತನವಲ್ಲ. ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ 20ರಿಂದ 40 ಮಿ.ಗ್ರಾಂ. ಆದರೆ 1ರಿಂದ 2 ನಿಮಿಷ ಸಾಕು. ಮೂತ್ರಪಿಂಡದ ರೋಗಿಗೆ ದೊಡ್ಡ ಡೋಸ್ ಬರೆದಿದ್ದರೆ ನಿಮಿಷಕ್ಕೆ 4 ಮಿ.ಗ್ರಾಂ. ಮೀರದಂತೆ ಪಂಪಿನಲ್ಲಿ ಹೋಗಬೇಕು, ಇಲ್ಲವಾದರೆ ಕಿವಿ ಗುಂಯ್‌ಗುಡುತ್ತದೆ, ಕೇಳಿಸುವುದೇ ಮಂದವಾಗಬಹುದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ವಯಸ್ಕರಿಗೆ ನಿಮಿಷಕ್ಕೆ 50 ಮಿ.ಗ್ರಾಂ. ದಾಟುವಂತಿಲ್ಲ. ಅಂದರೆ 1000 ಮಿ.ಗ್ರಾಂ.ಗೆ ಕನಿಷ್ಠ 20 ನಿಮಿಷ, ಹೃದ್ರೋಗಿಗಳಿಗೆ ಮತ್ತು ವಯಸ್ಸಾದವರಿಗೆ ಇನ್ನೂ ಹೆಚ್ಚು. ಅಷ್ಟು ಹೊತ್ತೂ ರಕ್ತದೊತ್ತಡದ ಮೇಲೆ, ಇ.ಸಿ.ಜಿ. ಮೇಲೆ ಕಣ್ಣಿರಬೇಕು. ಫೆನಿಟಾಯಿನನ್ನು ಡೆಕ್ಸ್‌ಟ್ರೋಸ್ (ಗ್ಲೂಕೋಸ್ ದ್ರಾವಣ) ಹರಿಯುತ್ತಿರುವ ಲೈನಿಗೆ ಹಾಕಿದರೆ ಹರಳುಗಟ್ಟುತ್ತದೆ, ನಾರ್ಮಲ್ ಸಲೈನ್ ಮಾತ್ರ ನಡೆಯುತ್ತದೆ. ಇವೆಲ್ಲಕ್ಕೂ ತದ್ವಿರುದ್ಧ, ಹೃದಯದ ಅತಿವೇಗದ ಬಡಿತಕ್ಕೆ ಕೊಡುವ ಅಡೆನೊಸಿನ್. ರಕ್ತದಲ್ಲಿ ಅದರ ಆಯುಸ್ಸು ಕೆಲವೇ ಸೆಕೆಂಡು. ಮಾನಿಟರ್ ಹಾಕಿ, ವೈದ್ಯರು ಪಕ್ಕದಲ್ಲಿರುವಾಗ, ಮೊಣಕೈ ಮಡಿಕೆಯ ದೊಡ್ಡ ಕ್ಯಾನುಲಾದಲ್ಲಿ 1–2 ಸೆಕೆಂಡಿನಲ್ಲಿ ತಳ್ಳಿ, ಹಿಂದೆಯೇ 20 ಮಿ.ಲೀ. ಸಲೈನ್ ತಳ್ಳಬೇಕು.

ಗಡಿಯಾರವಿಲ್ಲದೆ ಅಂದಾಜಿನ ಮೇಲೆ ಕೊಡುವವರ ‘ಐದು ನಿಮಿಷ’ ಒಂದೂವರೆ ನಿಮಿಷಕ್ಕೆ ಮುಗಿದಿರುತ್ತದೆ. 10 ಮಿ.ಲೀ. ಔಷಧಿ 5 ನಿಮಿಷದಲ್ಲಿ ಹೋಗಬೇಕಿದ್ದರೆ ಪ್ರತಿ 30 ಸೆಕೆಂಡಿಗೆ 1 ಮಿ.ಲೀ.; ಸಿರಿಂಜಿನ ಗೆರೆ ನೋಡಿ, ಗಡಿಯಾರ ನೋಡಿ, ರೋಗಿಯ ಮುಖ ನೋಡಿ. (ವಾರ್ಡಿನ ಗೋಡೆ ಗಡಿಯಾರದ ಸೆಲ್ ಮುಗಿದು ತಿಂಗಳಾಗಿದ್ದರೆ ಮೊದಲು ಅದನ್ನು ಹಾಕಿಸಿ.) ನಲವತ್ತು ಹಾಸಿಗೆಗೆ ಒಬ್ಬರೇ ಇದ್ದಾಗ ಪ್ರತಿಯೊಬ್ಬರ ಬಳಿ ಐದು ನಿಮಿಷ ನಿಲ್ಲುವುದು ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಔಷಧಿಯ ಸ್ವಭಾವ ಒಪ್ಪುವುದಾದರೆ 100 ಮಿ.ಲೀ. ಸಲೈನಿನಲ್ಲಿ ಹಾಕಿ ಹರಿಸಬಹುದೇ ಎಂದು ವೈದ್ಯರನ್ನು ಕೇಳಿ. ಎಲ್ಲ ಔಷಧಿಗೂ ಇದು ಆಗದು; ಡಯಾಜೆಪಾಮ್ ಬೆರೆಸಿದರೆ ಹಾಲಿನಂತೆ ಕದಡುತ್ತದೆ.

ಇನ್ನು ಫ್ಲಶ್, ಅಂದರೆ ಔಷಧಿಯ ಹಿಂದೆ ಲೈನ್ ತೊಳೆಯಲು ಕೊಡುವ ಸಲೈನ್. ಔಷಧಿಯನ್ನು ಜೋಪಾನವಾಗಿ ಮೂರು ನಿಮಿಷ ಕೊಟ್ಟವರೇ ಆಮೇಲೆ ಸಲೈನನ್ನು ‘ಸರ್’ ಎಂದು ಒತ್ತಿ ಮುಗಿಸುವುದನ್ನು ದಿನವೂ ಕಾಣುತ್ತೇವೆ. ತ್ರೀ-ವೇ (ಮೂರು ದಾರಿಯ ಕೀಲಿ) ಜೊತೆ ಉದ್ದದ ಎಕ್ಸ್‌ಟೆನ್ಷನ್ ಟ್ಯೂಬ್ ಇದ್ದರೆ ಅದರೊಳಗೇ 1 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು ನಿಂತಿರುತ್ತದೆ. ನಿಮ್ಮ 2 ಮಿ.ಲೀ. ಮೆಟೊಕ್ಲೊಪ್ರಮೈಡ್‌ನಲ್ಲಿ ಅರ್ಧದಷ್ಟು ಇನ್ನೂ ಟ್ಯೂಬಿನಲ್ಲೇ ಇದೆ, ಅದನ್ನು ರಕ್ತಕ್ಕೆ ತಲುಪಿಸುವುದು ಫ್ಲಶ್. ಹಾಗಾಗಿ ಔಷಧಿ ಕೊಟ್ಟ ವೇಗದಲ್ಲೇ ಫ್ಲಶ್ ಕೂಡ ಆರಂಭವಾಗಬೇಕು.

ಔಷಧಿಗೆ ಮೊದಲೂ ಸ್ವಲ್ಪ ಸಲೈನ್ ಕೊಟ್ಟು ನೋಡಿ. ಕ್ಯಾನುಲಾದ ತುದಿಯ ಬಳಿ ಊದಿತೇ, ತಣ್ಣಗಾಯಿತೇ, ರೋಗಿ ಮುಖ ಕಿವುಚಿದರೇ? ‘ಸ್ವಲ್ಪ ಉರಿಯುತ್ತದೆ, ತಡೆದುಕೊಳ್ಳಿ ಅಮ್ಮ’ ಎಂದು ಮುಂದುವರಿಯುವ ಅಭ್ಯಾಸ ಬಿಡಿ. ಕ್ಯಾಲ್ಸಿಯಂ ಗ್ಲುಕೊನೇಟ್ ಅಥವಾ ಫೆನಿಟಾಯಿನ್ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮವೇ ಕೊಳೆತು ಹೋದೀತು.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಒಂದು ಸಲೈನ್ ಬಾಟಲಿಗೆ ಸೂಜಿ ಚುಚ್ಚಿಟ್ಟು ಎಲ್ಲ ರೋಗಿಗಳ ಫ್ಲಶ್‌ಗೂ ಅದರಿಂದಲೇ ಎಳೆದುಕೊಳ್ಳುತ್ತೇವೆ. ಪ್ರತಿ ಸಲ ಹೊಸ ಸಿರಿಂಜ್ ಬಳಸಿದರೆ ಸಾಲದೇ?

ಉತ್ತರ: ಸಾಲದು. ಇವತ್ತೇ ನಿಲ್ಲಿಸಿ. ಆ ಸೂಜಿ ದಿನವಿಡೀ ತೆರೆದ ಬಾಗಿಲು. ಗಡಿಬಿಡಿಯಲ್ಲಿ ಯಾರೋ ಒಬ್ಬರು ಬಳಸಿದ ಸಿರಿಂಜನ್ನೇ ಮತ್ತೆ ಅದಕ್ಕೆ ಸಿಕ್ಕಿಸಿದರೆ ಒಬ್ಬರ ಹೆಪಟೈಟಿಸ್ ಬಿ ಅಥವಾ ಸಿ ಇಡೀ ವಾರ್ಡಿಗೆ ಹಬ್ಬಬಹುದು. 10 ಮಿ.ಲೀ. ಸಲೈನ್ ಆಂಪೂಲ್‌ಗಳಿಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ.

ಪ್ರಶ್ನೆ: ರಾತ್ರಿ ಪಾಳಿಯಲ್ಲಿ ವೈದ್ಯರು ಫೋನಿನಲ್ಲಿ ‘ಪೊಟ್ಯಾಸಿಯಮ್ ಕಡಿಮೆ ಇದೆ, ಒಂದು ಆಂಪೂಲ್ ಐ.ವಿ. ಕೊಡಿ’ ಎಂದರು. ನೇರವಾಗಿ ಕೊಡಬೇಕೇ ಎಂದು ಕೇಳಲು ಹೆದರಿಕೆಯಾಯಿತು. ಇಂಥ ಆದೇಶವನ್ನು ನಿರಾಕರಿಸುವ ಅಧಿಕಾರ ನಮಗಿದೆಯೇ?

ಉತ್ತರ: ಇದೆ, ನಿರಾಕರಿಸಲೇಬೇಕು. 15 ಪರ್ಸೆಂಟಿನ 10 ಮಿ.ಲೀ. ಆಂಪೂಲ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ (ಲವಣಗಳನ್ನು ಅಳೆಯುವ ಮಾನ) ಪೊಟ್ಯಾಸಿಯಮ್ ಕ್ಲೋರೈಡ್ ಇರುತ್ತದೆ. ನೇರವಾಗಿ ಒತ್ತಿದರೆ ಹೃದಯ ನಿಲ್ಲುತ್ತದೆ. ಕೈಯ ರಕ್ತನಾಳದಲ್ಲಾದರೆ ಸಾಮಾನ್ಯವಾಗಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್‌ನಷ್ಟು, ಅದೂ ಚೆನ್ನಾಗಿ ಬೆರೆಸಿ. ನಿದ್ದೆಗಣ್ಣಿನ ವೈದ್ಯರ ಮನಸ್ಸಿನಲ್ಲೂ ಇದೇ ಇದ್ದಿರಬಹುದು, ಬಾಯಿಗೆ ಬಂದಿರುವುದಿಲ್ಲ. ‘ಸರ್, ಪೊಟ್ಯಾಸಿಯಮ್ ನೇರವಾಗಿ ಕೊಡುವಂತಿಲ್ಲ. ಎಷ್ಟು ಸಲೈನಿನಲ್ಲಿ ಹಾಕಿ, ಎಷ್ಟು ಗಂಟೆ ಹರಿಸಲಿ?’ ಎಂದು ಕೇಳಿ. ಅವರು ಹೇಳಿದ್ದನ್ನು ಅವರಿಗೇ ಓದಿ ಹೇಳಿ, ಬರೆದುಕೊಳ್ಳಿ, ಬೆಳಿಗ್ಗೆ ಸಹಿ ಹಾಕಿಸಿ. ಅವರು ಪಟ್ಟು ಹಿಡಿದರೆ ಮೇಲ್ವಿಚಾರಕರಿಗೆ ಫೋನ್ ಮಾಡಿ, ಔಷಧಿಯನ್ನಂತೂ ಕೊಡಬೇಡಿ.

ತೂಗುಹಾಕಿದ ಬಾಟಲಿಗೇ ಪೊಟ್ಯಾಸಿಯಮ್ ಸೇರಿಸಿ ಹಾಗೇ ಬಿಟ್ಟರೆ ಅದು ತಳಕ್ಕಿಳಿದು, ಮೊದಲ ಕೆಲವು ನಿಮಿಷಗಳಲ್ಲೇ ಗಟ್ಟಿಯಾಗಿ ಒಳಹೋಗುತ್ತದೆ. ಬಾಟಲಿ ಇಳಿಸಿ, ಡ್ರಿಪ್ ಮುಚ್ಚಿ, ಔಷಧಿ ಹಾಕಿ, ಹಲವು ಬಾರಿ ತಲೆಕೆಳಗೆ ಮಾಡಿ ಬೆರೆಸಿ, ಲೇಬಲ್ ಅಂಟಿಸಿ, ಆಮೇಲೆ ಹಚ್ಚಿ. ಡಿಸ್ಟಿಲ್ಡ್ ವಾಟರ್ ಆಂಪೂಲ್‌ಗಳ ಟ್ರೇಯಲ್ಲಿ ಪೊಟ್ಯಾಸಿಯಮ್ ಆಂಪೂಲ್ ಇದ್ದರೆ ತೆಗೆದು ಬೀಗದ ಕಪಾಟಿಗೆ ಸೇರಿಸಿ. ಅರೆಬೆಳಕಿನಲ್ಲಿ ಎರಡೂ ಒಂದೇ ತರಹ ಕಾಣುತ್ತವೆ.